ಬಾವಿ ಓಣಿಯ ರೊಟ್ಟಿ ಸಪ್ಪಳ

ಸಾವಾದ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತಿದೆ ಎಂದು ಯಾರಾದರೂ ಬಂದು ಹೇಳಿದ್ದರೆ, ಚಂಪಾವತಿ ಅವರನ್ನು ಮೇಲಿಂದ ಕೆಳಗೆ ನೋಡಿ, ರಾತ್ರಿ ನಿದ್ದೆ ಸರಿಯಾಗಿ ಆಗಲಿಲ್ಲವೇನೋ ಎಂದು ಕೇಳುತ್ತಿದ್ದಳು. ಆದರೆ ಹಾಗೆ ಹೇಳುತ್ತಿದ್ದದ್ದು ಯಂತ್ರ. ಆ ಯಂತ್ರವನ್ನು ಮನೆಮನೆಗೆ ಹೊತ್ತು ತಿರುಗಿ ಕೂರಿಸಿದವಳು ಅವಳೇ.

ಬೆಳಗಿನ ಒಂಬತ್ತೂಕಾಲು. ಹಾಸರಗಾ ಊರಿನ ನೆಲಗಾವಲು ಸಂಘದ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಹಿಂದೆ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಲಾರಿಗಳನ್ನು ತೂಗುತ್ತಿದ್ದ ಕೋಣೆ ಅದು. ಈಗ ಗೋಡೆಯ ತುಂಬ ಒಂದು ಪರದೆ, ಪರದೆಯ ಮೇಲೆ ಊರಿನ ನಕಾಶೆ, ನಕಾಶೆಯ ಮೇಲೆ ಒಂಬೈನೂರ ಹನ್ನೆರಡು ಚುಕ್ಕೆ. ಮನೆಗೊಂದು ಚುಕ್ಕೆ. ಹಸಿರಿದ್ದರೆ ಆ ಮನೆಯ ಕೆಳಗಿನ ನೆಲ ಗಟ್ಟಿ, ಹಳದಿಯಿದ್ದರೆ ಅನುಮಾನ, ಕೆಂಪಾದರೆ ಉಟ್ಟ ಬಟ್ಟೆಯಲ್ಲೇ ಹೊರಗೆ ಬರಬೇಕು. ಚುಕ್ಕೆ ಮಿನುಗುತ್ತಿದ್ದರೆ ಆ ಹೊತ್ತಿಗೆ ಆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾರೆಂದು ಅರ್ಥ.

ಬಾವಿ ಓಣಿಯ ಮೂವತ್ತೊಂದು ಚುಕ್ಕೆಗಳೂ ಹಸಿರಾಗಿದ್ದವು. ಮೂವತ್ತೊಂದೂ ಮಿನುಗುತ್ತಿದ್ದವು.

ಚಂಪಾವತಿ ಆ ಓಣಿಯಿಂದ ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಬೆಳಗಿನ ಜಾವ ಅಲ್ಲಿ ಕಲ್ಲಪ್ಪ ಮುತ್ಯಾ ತೀರಿಕೊಂಡಿದ್ದರು. ತೊಂಬತ್ತೆರಡು ವರ್ಷದ ಹಣ್ಣು ಜೀವ, ಖಣಿಯಲ್ಲಿ ಕಲ್ಲು ಒಡೆದು ಮಕ್ಕಳು ಮೊಮ್ಮಕ್ಕಳನ್ನು ದಡ ಸೇರಿಸಿದವರು. ಹೆಣ ಏಳುವವರೆಗೆ ಓಣಿಯ ಯಾವ ಮನೆಯಲ್ಲೂ ಒಲೆ ಹೊತ್ತಿಸುವುದಿಲ್ಲ, ಅದು ಅಲ್ಲಿಯ ಕಟ್ಟು. ಪಕ್ಕದ ಓಣಿಯವರು ಕಿಟಲಿಯಲ್ಲಿ ಚಹಾ ತಂದು ಹಂಚುತ್ತಿದ್ದದ್ದನ್ನು ಅವಳೇ ಕಂಡಿದ್ದಳು. ಅವಳ ತಾಯಿ ನಾಗಮ್ಮನ ಮನೆಯೂ ಅದೇ ಓಣಿಯಲ್ಲಿ, ಮುತ್ಯಾರ ಮನೆಯಿಂದ ಮೂರನೆಯದು. ತಾಯಿಗೆ ಆ ಚಹಾ ಕುಡಿಸಿ, ಪಾಳಿ ಮುಗಿಸಿ ಮತ್ತೆ ಬರುತ್ತೇನೆಂದು ಹೇಳಿ ಹೊರಟು ಬಂದಿದ್ದಳು. ಹಾಗಾದರೆ ಈ ರೊಟ್ಟಿ ಬಡಿಯುತ್ತಿರುವವರು ಯಾರು?

ಯಂತ್ರ ನಿನ್ನೆಯದನ್ನೇ ತೋರಿಸುತ್ತಿರಬೇಕು ಎಂದುಕೊಂಡು ಅವಳು ನಕಾಶೆಯನ್ನು ಹೊಸದಾಗಿ ತರಿಸಿದಳು. ಮಿನುಗುವುದು ನಿಲ್ಲಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಓಣಿಯ ಮೊದಲ ಮನೆಯ ಚುಕ್ಕೆ ಒತ್ತಿದಳು. ಪಟ್ ಪಟ್ ಪಟಪಟ, ಒಂದು ಗಳಿಗೆ ಬಿಟ್ಟು ಮತ್ತೆ ಪಟ್. ಎಡಗೈಯಲ್ಲಿ ರೊಟ್ಟಿ ತಿರುಗಿಸುತ್ತ ಬಲಗೈಯಲ್ಲಿ ಬಡಿಯುವ ಸದ್ದು, ಅನುಮಾನವೇ ಇಲ್ಲ. ಧೈರ್ಯ ಮಾಡಿ ಕಲ್ಲಪ್ಪ ಮುತ್ಯಾರ ಮನೆಯ ಚುಕ್ಕೆಯನ್ನೇ ಒತ್ತಿದಳು. ಹೆಣ ಕೂರಿಸಿದ ಮನೆಯೊಳಗೆ ಯಾರೋ ಆರಾಮಾಗಿ ರೊಟ್ಟಿ ಬಡಿಯುತ್ತಿದ್ದರು.

ಈ ಚುಕ್ಕೆಗಳ ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಹಾಸರಗಾ ಪರ್ಸಿ ಕಲ್ಲಿನ ಊರು. ಅಜ್ಜಂದಿರ ಕಾಲದಿಂದ ನೆಲದೊಳಗಿನ ಕಲ್ಲನ್ನು ಎಬ್ಬಿಸಿ ಊರೂರಿಗೆ ಕಳಿಸಿ, ಉಳಿದ ಗುಂಡಿಗಳ ಮೇಲೆ ಮಣ್ಣು ಮುಚ್ಚಿ ಮನೆ ಕಟ್ಟಿಕೊಂಡ ಜನ. ಕೆಳಗೆ ಸುಣ್ಣಕಲ್ಲು, ಮಳೆ ನೀರು ಇಳಿದಂತೆಲ್ಲ ಕರಗುತ್ತದೆ. ನಾಲ್ಕು ವರ್ಷದ ಹಿಂದೆ ಒಂದು ಶ್ರಾವಣದಲ್ಲಿ ಕುಂಬಾರ ಓಣಿಯ ಐದು ಮನೆ ಹಾಡಹಗಲೇ ನೆಲದೊಳಗೆ ಇಳಿದು ಏಳು ಜನ ಸತ್ತರು. ನೋಡಲು ಬಂದ ತಜ್ಞರು, ಊರಿನ ಕೆಳಗೆ ಎಲ್ಲೆಲ್ಲಿ ಪೊಳ್ಳಿದೆ ಎಂದು ತಿಳಿಯಬೇಕಾದರೆ ನೂರಾರು ಕಡೆ ನೆಲಕ್ಕೆ ಏಟು ಹಾಕಿ, ಆ ಏಟು ಹೇಗೆ ಹಬ್ಬುತ್ತದೆ ಎಂದು ಅಳೆಯಬೇಕು, ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ ಎಂದು ಹೇಳಿ ಹೋದರು.

ಆಗ ಮುಂದೆ ಬಂದವರು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಮೊಯಿನುದ್ದೀನ್ ಸರ್. ನೂರಾರು ಕಡೆ ಏಟು ಹಾಕುವವರು ಬೇಕಲ್ಲವೇ, ದಿನಾ ಬೆಳಗ್ಗೆ ಊರಿನ ಹೆಣ್ಣುಮಕ್ಕಳು ಹಾಕುತ್ತಲೇ ಇದ್ದಾರಲ್ಲ ಎಂದರು. ಹಾಸರಗಾದಲ್ಲಿ ಜೋಳದ ರೊಟ್ಟಿಯನ್ನು ನೆಲಕ್ಕೆ ಹಾಸಿದ ಪರ್ಸಿಯ ಮೇಲೇ ಬಡಿಯುತ್ತಾರೆ. ಒಂದು ರೊಟ್ಟಿಗೆ ನೂರಕ್ಕೂ ಹೆಚ್ಚು ಏಟು. ಒಂದು ಮನೆಯಲ್ಲಿ ಬಿದ್ದ ಏಟು ನೆಲದೊಳಗೆ ಹಾದು ಅಕ್ಕಪಕ್ಕದ ಮನೆಗಳನ್ನು ಮುಟ್ಟುತ್ತದೆ. ನಡುವೆ ಗಟ್ಟಿ ಕಲ್ಲಿದ್ದರೆ ಬೇಗ, ಸಡಿಲ ಮಣ್ಣಿದ್ದರೆ ತಡ, ಪೊಳ್ಳಿದ್ದರೆ ಸುತ್ತು ಹಾಕಿಕೊಂಡು ಹೋಗಬೇಕಾದ್ದರಿಂದ ಇನ್ನೂ ತಡ. ಅಡುಗೆಮನೆಯ ಮೂಲೆಯಲ್ಲಿ ಅಂಗೈಯಗಲದ ಒಂದು ಡಬ್ಬಿ ಇಟ್ಟರೆ ಅದು ಆ ಕಂಪನವನ್ನು ಹಿಡಿದು ಸಂಘದ ಕೋಣೆಗೆ ಕಳಿಸುತ್ತದೆ. ಒಂಬೈನೂರು ಡಬ್ಬಿಗಳ ಲೆಕ್ಕ ಕೂಡಿಸಿದರೆ ನೆಲದೊಳಗಿನ ಚಿತ್ರ ತಾನಾಗಿ ಮೂಡುತ್ತದೆ.

ಮೊದಮೊದಲು ಜನ ನಕ್ಕರು. ರೊಟ್ಟಿ ಬಡಿದು ಊರು ಉಳಿಸುವುದೆಂದರೆ ನಗದೆ ಇನ್ನೇನು? ಆದರೆ ಮೂರನೆಯ ತಿಂಗಳಿಗೆ ಸಂತೆ ಕಟ್ಟೆಯ ಕೆಳಗೆ ಕೆಂಪು ಮೂಡಿ, ಅಗೆದು ನೋಡಿದರೆ ಎರಡಾಳು ಆಳದ ಗವಿ ಸಿಕ್ಕಿತು. ಅಂದಿನಿಂದ ನಗು ನಿಂತಿತು. ಹೊಲಿಗೆ ಹೇಳಿಕೊಡುತ್ತಿದ್ದ ಚಂಪಾವತಿ ಮಿಷನ್ನು ಮುಚ್ಚಿಟ್ಟು ಸಂಘದ ಮುಂದಾಳಾದಳು. ಗೌಂಡಿಗಳು, ಲಾರಿ ಚಾಲಕರು, ಟೀಚರುಗಳು, ಹಿಟ್ಟಿನ ಗಿರಣಿಯವರು ರಜೆಯ ದಿನ ಸೇರಿ, ಪೊಳ್ಳು ಕಂಡಲ್ಲೆಲ್ಲ ತೂತು ಕೊರೆದು ಸಿಮೆಂಟಿನ ಹಾಲು ಸುರಿದರು. ಈ ಏಳು ತಿಂಗಳಲ್ಲಂತೂ ಊರು ಗಟ್ಟಿಯಾಗುತ್ತಲೇ ಹೋಗಿತ್ತು. ಹಳದಿಗಳೆಲ್ಲ ಒಂದೊಂದಾಗಿ ಹಸಿರಾದವು. ಬಾವಿ ಓಣಿಯೂ ಹಳದಿಯಿಂದ ಹಸಿರಿಗೆ ಬಂದಾಗ ಚಂಪಾವತಿ ಓಣಿಗೆಲ್ಲ ಪೇಢೆ ಹಂಚಿದ್ದಳು.

ಮೊಯಿನ್ ಸರ್ ಮನೆ ಸಂಘದ ಕೋಣೆಗೆ ಅಂಟಿಕೊಂಡೇ ಇತ್ತು. ಕರೆದ ಕೂಡಲೇ ಬನಿಯನ್ ಮೇಲೆ ಶಾಲು ಹೊದ್ದುಕೊಂಡು ಬಂದರು. ಹೆಡ್‌ಫೋನ್ ಹಾಕಿಕೊಂಡು ಒಂದು ಚುಕ್ಕೆ ಕೇಳಿದರು, ಇನ್ನೊಂದು ಕೇಳಿದರು, ಆಮೇಲೆ ಮೂವತ್ತೊಂದರ ಗೆರೆಗಳನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಳಿಸಿದರು. ಗೆರೆಗಳು ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕುಣಿಯುತ್ತಿದ್ದವು. ಮೂವತ್ತೊಂದು ಮನೆಯಲ್ಲಿ ಒಂದೇ ಕೈ, ಒಂದೇ ಗಳಿಗೆಯಲ್ಲಿ, ಒಂದೇ ರೊಟ್ಟಿ ಬಡಿಯುತ್ತಿತ್ತು.

ಮುದುಕರು ಗೆರೆಗಳ ಮೇಲೆ ಬೆರಳಾಡಿಸಿ ಮೇಲಿಂದ ಕೆಳಗೆ ನೋಡಿದರು. ಕೊನೆಗೆ ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು ಹೇಳಿದರು.

"ಚಂಪಕ್ಕಾ, ಈ ಡಬ್ಬಿಗೋಳು ಓಣಿನ್ಯಾಗ ಇಲ್ಲ. ಎಲ್ಲಾ ಒಂದೇ ಕಡಿ ಅವ."

ಚಂಪಾವತಿಗೆ ಮಾತು ತಲೆಗೆ ಹೋಗಲು ಒಂದು ಕ್ಷಣ ಹಿಡಿಯಿತು. ತಾಯಿಗೆ ಫೋನ್ ಹಚ್ಚಿದಳು. ಅತ್ತಲಿಂದ ಭಜನೆಯ ತಾಳ, ಅದರ ಮೇಲೆ ಹಲಗೆ ವಾದ್ಯದ ಬಡಿತ, ನಡುವೆ ನಾಗಮ್ಮನ ಸಣ್ಣ ದನಿ. ಡಬ್ಬಿ ಎಲ್ಲಿದೆ ಎಂದು ಚಂಪಾವತಿ ನೇರವಾಗಿ ಕೇಳಿದಳು. ಸತ್ತ ಮನೆಯ ಮುಂದೆ ಕೂತವಳಿಗೆ ಡಬ್ಬಿಯ ಚಿಂತೆ ಯಾಕೆ ಹಚ್ಚುತ್ತೀ ಎಂದು ಮುದುಕಿ ಜಾರಿಕೊಳ್ಳಲು ನೋಡಿದಳು. ಮಗಳು ಬಿಡಲಿಲ್ಲ.

"ನನ್ನದೊಂದೇ ಅಲ್ಲವ್ವಾ, ಓಣಿದವೆಲ್ಲಾ ಅಂಬೂಬಾಯಿ ಬಲ್ಲಿ ಅವ," ಎಂದಳು ನಾಗಮ್ಮ. "ಮತ್ತೇನು ಮಾಡೋದು? ನನ್ನ ರಟ್ಟಿ ಬ್ಯಾನಿ, ರೊಟ್ಟಿ ಬಡಿಲಕ್ಕ ಆಗವಲ್ದು. ಉಳಿದೋರು ಮುಂಜಾನೆದ್ದು ಕೆಲಸಕ್ಕ ಹೋಗೋರು, ರೊಟ್ಟಿ ಅಕಿ ಬಲ್ಲೇ ತರ್ತಾರ. ಮನ್ಯಾಗ ಸಪ್ಪಳ ಇಲ್ಲಂದ್ರ ನಿಮ್ಮ ಹುಡುಗ್ಯಾರು ಬಾಗಲಿಗಿ ಬಂದು ಕೇಳ್ತಾರ, ಹೆಸರು ಬರೀತಾರ. ನನ್ನ ಮಗಳು ಬರೆಸಿದ ಹಲಗಿ ಮ್ಯಾಲ ನನ್ನ ಹೆಸರೇ ಬಂದ್ರ ಹೆಂಗ? ಡಬ್ಬಿಗಿ ರೊಟ್ಟಿ ಸಪ್ಪಳ ಬೇಕಂತ ನೀನೇ ಹೇಳಿದ್ದಿ. ಅಲ್ಲಿ ದಿನಾ ಸಾವಿರ ರೊಟ್ಟಿ ಬಡೀತಾರ. ಪಾಪ, ಉಪಾಸ ಯಾಕ ಇಡೋದಂತ ಅಲ್ಲಿ ಇಟ್ಟೀವಿ. ಚೊಲೊ ಕೇಳ್ತಾವ, ಇಲ್ಲೇನು?"

ಅಂಬೂಬಾಯಿಯ ರೊಟ್ಟಿ ಕೇಂದ್ರ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ಸ್ಟೇಷನ್ ರಸ್ತೆಯಲ್ಲಿ. ಬಾವಿ ಓಣಿಗೂ ಅದಕ್ಕೂ ಮುಕ್ಕಾಲು ಮೈಲಿ. ಇಲ್ಲಿ ಸಾವಾದರೂ ಅಲ್ಲಿಯ ಒಲೆ ಆರಿಸಬೇಕೆಂಬ ಕಟ್ಟಿಲ್ಲ. ಚಂಪಾವತಿಗೆ ತಾಯಿಯ ಮೇಲೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ನಾಚಿಕೆ. ಏಳು ತಿಂಗಳ ಹಿಂದೆ, ಕೆಲವು ಮನೆಗಳಿಂದ ಸದ್ದು ಬರುತ್ತಿಲ್ಲವೆಂದು ಸಂಘದ ಕೋಣೆಯ ಹೊರಗೆ ಹಾಜರಿ ಹಲಗೆ ಹಾಕಿಸಿದವಳು ತಾನೇ. ಪೂರ್ಣ ಹಾಜರಿಯ ಓಣಿಗೆ ಹಾರ, ಸುಮ್ಮನಿದ್ದ ಮನೆಗೆ ಹೆಸರು. ಮನೆಯಲ್ಲಿ ರೊಟ್ಟಿ ಬಡಿಯುವುದಿಲ್ಲ ಎಂದು ನಾಲ್ಕು ಜನ ಓದುವಂತೆ ಬರೆಸಿಕೊಳ್ಳಲು ಯಾವ ಹೆಂಗಸು ಒಪ್ಪುತ್ತಾಳೆ? ಹಲಗೆ ಹಾಕಿದ್ದು ಏಳು ತಿಂಗಳ ಹಿಂದೆ. ಊರು ಗಟ್ಟಿಯಾಗತೊಡಗಿದ್ದೂ ಏಳು ತಿಂಗಳ ಹಿಂದೆ. ಎರಡನ್ನೂ ಜೋಡಿಸಿ ನೋಡಬೇಕೆಂದು ಇಷ್ಟು ದಿನ ತನಗೆ ಯಾಕೆ ಹೊಳೆಯಲಿಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಮೊಯಿನ್ ಸರ್ ತಮ್ಮದೂ ತಪ್ಪಿದೆ ಎಂದರು. ಒಂದೇ ಕೋಣೆಯಲ್ಲಿ ಒತ್ತಿಟ್ಟ ಡಬ್ಬಿಗಳಿಗೆಲ್ಲ ಹತ್ತಿರ ಕೂತವಳ ಬಡಿತವೇ ಎದ್ದು ಕೇಳುತ್ತದೆ, ಅದೂ ಒಮ್ಮೆಲೇ ಮುಟ್ಟುತ್ತದೆ. ಯಂತ್ರಕ್ಕೆ ಅವು ಬೇರೆ ಬೇರೆ ಮನೆಯವು ಎಂದೇ ಗೊತ್ತು. ಇಷ್ಟು ಬೇಗ ಮುಟ್ಟಬೇಕಾದರೆ ನಡುವಿನ ನೆಲ ಬಹಳ ಗಟ್ಟಿಯಿರಬೇಕೆಂದು ಅದು ಹಸಿರು ಬಳಿಯುತ್ತ ಹೋಗಿದೆ. ಸದ್ದು ತಡವಾದರೆ ಕೂಗು ಎಂದು ಯಂತ್ರಕ್ಕೆ ಕಲಿಸಿದ್ದ ಅವರು, ಆಗಬಾರದಷ್ಟು ಬೇಗ ಬಂದರೂ ಕೂಗು ಎಂದು ಕಲಿಸಿರಲಿಲ್ಲ. ಗಟ್ಟಿ ನೆಲಕ್ಕೆ ಯಾರು ಹೆದರುತ್ತಾರೆ?

ಈಗ ಬಾವಿ ಓಣಿಯ ಕೆಳಗೆ ನಿಜಕ್ಕೂ ಏನಿದೆ? ಅದೊಂದೇ ಪ್ರಶ್ನೆ ಉಳಿದದ್ದು. ಓಣಿಯಲ್ಲಿ ಆ ಹೊತ್ತಿಗೆ ನಾನೂರು ಜನ ಸೇರಿದ್ದರು. ನಕಾಶೆಯಲ್ಲಿ ಆ ಓಣಿಯ ಎರಡು ತುದಿಗೆ ಎರಡು ಬೂದು ಚುಕ್ಕೆಗಳಿದ್ದವು: ಒಂದು ನೀರಿನ ಪಂಪಿನ ಕೋಣೆ, ಇನ್ನೊಂದು ಶಾಲೆ. ಆ ಎರಡು ಡಬ್ಬಿಗಳನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿದಿದ್ದರು, ಯಾರೂ ಎತ್ತಿಕೊಂಡು ಹೋಗುವಂತಿರಲಿಲ್ಲ. ಸುತ್ತಲಿನ ಹಸಿರಿಗೆ ಅವು ಹೊಂದುತ್ತಿಲ್ಲವೆಂದು, ಎರಡೂ ಕೆಟ್ಟಿವೆ ಬದಲಿಸಬೇಕು ಎಂದು ಚಂಪಾವತಿಯೇ ಚೀಟಿ ಬರೆದು ಮೇಜಿಗೆ ಅಂಟಿಸಿದ್ದಳು. ಸರ್ ಆ ಎರಡನ್ನೇ ತೆರೆದರು. ಪಂಪಿನ ಕೋಣೆಯ ಪಕ್ಕದಲ್ಲೇ ಹಲಗೆ ಬಡಿಯುತ್ತಿದ್ದರು. ಒಂದೊಂದು ಏಟೂ ಪಂಪಿನ ಕೋಣೆಯನ್ನು ಕೂಡಲೇ ಮುಟ್ಟುತ್ತಿತ್ತು. ಅಲ್ಲಿಂದ ಶಾಲೆಯನ್ನು ಮುಟ್ಟಲು ಮಾತ್ರ ತೆಗೆದುಕೊಳ್ಳಬೇಕಾದ್ದಕ್ಕಿಂತ ನಾಲ್ಕು ಪಟ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು, ಅದೂ ಅರ್ಧಕ್ಕರ್ಧ ಕರಗಿ.

"ನಟ್ಟನಡುವ ದೊಡ್ಡದು ಬಾಯಿ ತೆರೆದದ," ಎಂದರು ಸರ್. "ಇವತ್ತೇ ಬೀಳ್ತದಂತ ನಾ ಹೇಳಂಗಿಲ್ಲ. ಬೀಳಂಗಿಲ್ಲಂತನೂ ಹೇಳಂಗಿಲ್ಲ. ನೀ ಮೊದಲು ಹೋಗು."

ಸ್ಕೂಟರ್ ಮೇಲೆ ಐದು ನಿಮಿಷದ ದಾರಿ. ಸರ್‌ಗೆ ಹೇಳಿ ಸಂಘದ ಸೈರನ್ ಒತ್ತಿಸಿಬಿಡಲೇ ಎಂಬ ಯೋಚನೆ ದಾರಿಯುದ್ದಕ್ಕೂ ಅವಳನ್ನು ತಿಂದಿತು. ಬಾವಿ ಓಣಿಗೆ ಅಗಲವಾದ ಬಾಯಿ ಒಂದೇ. ಇನ್ನೊಂದು ತುದಿಗೆ ಹೋಗುವ ದಾರಿಯನ್ನು ಓಣಿಯ ನಡುವೆ ಕಟ್ಟಿದ ಶಾಮಿಯಾನ ಮುಚ್ಚಿತ್ತು. ನಾನೂರು ಜನ ಒಮ್ಮೆಲೇ ಎದ್ದು ಓಡಿದರೆ ನೆಲ ಬೀಳುವ ಮೊದಲು ಕಾಲ್ತುಳಿತಕ್ಕೆ ಸಿಕ್ಕು ಸಾಯುವವರೇ ಹೆಚ್ಚು. ಮೊದಲು ಹಲಗೆಯವರ ಹತ್ತಿರ ಹೋಗಿ ಬಡಿಯುವುದನ್ನು ನಿಲ್ಲಿಸಿ ಎಂದಳು. ಸಂಘದವಳು ಬಂದು ಸಾವಿನ ಹಲಗೆ ನಿಲ್ಲಿಸಿದ್ದನ್ನು ಕಂಡು ಕೂತವರೆಲ್ಲ ತಿರುಗಿ ನೋಡಿದರು.

ಕಲ್ಲಪ್ಪ ಮುತ್ಯಾರನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಚೆಂಡುಹೂವು. ಪಕ್ಕದಲ್ಲಿ ಶವವನ್ನು ಕೂರಿಸಿ ಒಯ್ಯುವ ಬಿದಿರಿನ ವಿಮಾನ ಸಿದ್ಧವಾಗಿತ್ತು. ಹಿರಿಯ ಮಗ ಶಿವಶರಣಪ್ಪ ತಂದೆಯ ಕಾಲ ಬಳಿ ಕೂತಿದ್ದ, ಅವನಿಗೇ ಅರವತ್ತೈದು. ಚಂಪಾವತಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಉಳಿದವರಿಗೆ ಕೇಳದಂತೆ, ಹೆಣ ಈಗಲೇ ಎತ್ತಬೇಕು ಎಂದಳು. ಅವನು ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. ಸೊಲ್ಲಾಪುರದಿಂದ ತಂಗಿ ಬರುತ್ತಿದ್ದಾಳೆ, ರೈಲು ಇಳಿಯುವುದು ನಾಲ್ಕಕ್ಕೆ, ಅಪ್ಪನ ಮುಖ ನೋಡದಂತೆ ಅವಳನ್ನು ಹೇಗೆ ಮಾಡಲಿ ಎಂದ. ಅದೂ ಅಲ್ಲದೆ ಓಣಿಗೆ ಏನಾಗಿದೆ, ಹಸಿರಾಯಿತೆಂದು ನೀನೇ ಪೇಢೆ ಕೊಟ್ಟಿದ್ದೆಯಲ್ಲ ಎಂದೂ ಕೇಳಿದ.

ಚಂಪಾವತಿ ತಿರುಗಿ ನೋಡಿದಳು. ಹಿಂದೆ ಗೋಡೆಗೊರಗಿ ಕೂತಿದ್ದ ಹೆಂಗಸರ ಸಾಲಿನಲ್ಲಿ ತಾಯಿ ತನ್ನನ್ನೇ ನೋಡುತ್ತಿದ್ದಳು. ಡಬ್ಬಿ ಸಾಗಿಸಿದ ಮೂವತ್ತು ಹೆಂಗಸರೂ ಅಲ್ಲೇ ಇದ್ದರು. ಅವರ ಹೆಸರು ಹೇಳಿದರೆ ಈ ಸಾವಿನ ಮನೆಯ ಮುಂದೆ ಅವರು ಜನ್ಮಪೂರ್ತಿ ತಲೆ ಎತ್ತದಂತಾಗುತ್ತದೆ. ಹೇಳುವ ಅಗತ್ಯವೂ ಇರಲಿಲ್ಲ.

"ಆ ಹಸಿರು ಸುಳ್ಳು, ಕಾಕಾ. ನಾ ತಪ್ಪು ಮಾಡೀನಿ. ನಮ್ಮ ಕೆಳಗ ನೆಲ ಇಲ್ಲ."

ಶಿವಶರಣಪ್ಪ ಮತ್ತೇನೂ ಕೇಳಲಿಲ್ಲ. ಅವನೂ ಖಣಿಯಲ್ಲಿ ಕೆಲಸ ಮಾಡಿದವನು. ನೆಲ ಇಲ್ಲ ಎಂಬ ಮಾತನ್ನು ತಮಾಷೆಗೆ ಆಡುವುದಿಲ್ಲವೆಂದು ಬಲ್ಲ. ತಂದೆಯ ಪಾದವನ್ನು ಒಮ್ಮೆ ಮುಟ್ಟಿ ಎದ್ದು ನಿಂತು, ಹೊತ್ತಾಗುತ್ತದೆ ಎತ್ತಿರಿ ಎಂದ. ತಂಗಿ ಬರಲಿಲ್ಲವಲ್ಲ ಎಂದು ನಾಲ್ಕು ಜನ ತಕರಾರು ತೆಗೆದರು. ಅವನು ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ವಿಮಾನ ಎದ್ದಿತು.

ಚಂಪಾವತಿ ನೆಚ್ಚಿಕೊಂಡಿದ್ದದ್ದು ಇದನ್ನೇ. ಎದ್ದು ಹೋಗಿ ಎಂದರೆ ಜನ ಯಾಕೆ ಎಂದು ಕೇಳುತ್ತಾರೆ. ಹೆಣ ಎದ್ದರೆ ಯಾರೂ ಕೇಳುವುದಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹಿಂದೆ ನಡೆಯುತ್ತಾರೆ. ಗಂಡಸರು ಸಾಲಾಗಿ, ನೂಕಾಟವಿಲ್ಲದೆ ಓಣಿಯ ಬಾಯಿಯತ್ತ ಹೊರಟರು. ಆದರೆ ಹೆಂಗಸರು ಕೂತಲ್ಲೇ ಇದ್ದರು. ಹೆಣ ಹೋದ ಮೇಲೆ ಮನೆ ತೊಳೆದು, ಮೈಮೇಲೆ ನೀರು ಹಾಕಿಕೊಂಡು ಒಲೆ ಹೊತ್ತಿಸಬೇಕಾದವರು ಅವರು. ಇಬ್ಬರು ಆಗಲೇ ಕೊಡ ಹಿಡಿದು ಬಾವಿಯ ಕಡೆ ಹೊರಟಿದ್ದರು. ಇದನ್ನು ಚಂಪಾವತಿ ಯೋಚಿಸಿಯೇ ಇರಲಿಲ್ಲ. ನೀವೂ ಬನ್ನಿ, ಎಲ್ಲರೂ ಬನ್ನಿ ಎಂದು ಅವಳು ಕೈ ಮುಗಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಲ್ಲದ ಪದ್ಧತಿ ಹೊಸದಾಗಿ ಯಾಕೆ ಎಂದು ಮುತ್ಯಾರ ಹಿರಿಯ ಸೊಸೆ ಮುಖ ಗಂಟಿಕ್ಕಿದಳು.

ಆಗ ನಾಗಮ್ಮ ಎದ್ದಳು. ಮಂಡಿಯ ಮೇಲೆ ಕೈಯೂರಿ, ಗೋಡೆ ಹಿಡಿದು ಎದ್ದಳು. ಮಗಳ ಮುಖದಲ್ಲಿ ಏನು ಕಂಡಳೋ, ಡಬ್ಬಿಯ ವಿಷಯ ಎಲ್ಲಿಗೆ ಬಂದು ಮುಟ್ಟಿದೆಯೆಂದು ಅವಳಿಗೆ ಅರ್ಥವಾಗಿತ್ತು.

"ನಡೀರಿ ಯವ್ವಾ, ಮಾತಾಡ್ಬ್ಯಾಡ್ರಿ," ಎಂದಳು. "ಇದು ನಾವು ಮಾಡಿಕೊಂಡಿದ್ದು."

ಡಬ್ಬಿ ಸಾಗಿಸಿದ್ದ ಹೆಂಗಸರಿಗೆ ಅಷ್ಟು ಸಾಕಾಯಿತು. ಸೆರಗು ತಲೆಗೆಳೆದುಕೊಂಡು ಎದ್ದರು. ಸೊಸೆಯೂ ಕೊನೆಗೆ ಎದ್ದಳು. ಕೊಡ ಹಿಡಿದವರು ಕೊಡ ಬಾವಿಯ ಕಟ್ಟೆಯ ಮೇಲಿಟ್ಟು ಬಂದರು. ಚಂಪಾವತಿ ಮನೆಮನೆ ಇಣುಕಿ ನೋಡಿ, ಒಂದು ಮನೆಯಲ್ಲಿ ಮಲಗಿದ್ದ ಬಾಣಂತಿಯನ್ನೂ ಕೂಸನ್ನೂ ಎಬ್ಬಿಸಿಕೊಂಡು ಎಲ್ಲರಿಗಿಂತ ಕೊನೆಗೆ ಓಣಿ ದಾಟಿದಳು.

ಓಣಿಯ ಬಾಯಿಯಾಚೆಯ ಹೆದ್ದಾರಿ ಮುಟ್ಟಿ ಹತ್ತು ನಿಮಿಷವೂ ಆಗಿರಲಿಲ್ಲ. ಮೊದಲು ಬಾವಿಯಿಂದ ಸದ್ದು ಬಂತು, ಬಚ್ಚಲಲ್ಲಿ ನೀರು ಇಳಿಯುವಾಗ ಬರುವಂಥದ್ದು. ಕಟ್ಟೆಯ ಮೇಲಿನ ಕೊಡಗಳು ಉರುಳಿದವು. ಶಾಮಿಯಾನದ ನಡುಗಂಬ ನಿಂತಂತೆಯೇ ಕೆಳಗಿಳಿಯಿತು, ಬಟ್ಟೆ ಅದರ ಹಿಂದೆ ಸುತ್ತಿಕೊಂಡು ಹೋಯಿತು. ಆಮೇಲೆ ಕಲ್ಲಪ್ಪ ಮುತ್ಯಾ ಕೂತಿದ್ದ ಕಟ್ಟೆ, ಅದರ ಹಿಂದಿನ ಗೋಡೆ, ಪಕ್ಕದ ಎರಡು ಮನೆ, ನಾಗಮ್ಮನ ಮನೆಯ ಬಾಗಿಲು. ಹೆಂಗಸರು ಸಾಲಾಗಿ ಕೂತಿದ್ದ ಜಾಗದಲ್ಲಿ ಈಗ ಧೂಳು ಮಾತ್ರ ಏಳುತ್ತಿತ್ತು. ಹೆಚ್ಚು ಸದ್ದೇ ಆಗಲಿಲ್ಲ, ಅದೇ ಭಯಂಕರವಾಗಿತ್ತು. ವಿಮಾನ ಹೊತ್ತವರು ಹೊತ್ತಂತೆಯೇ ನಿಂತಿದ್ದರು. ಚಂಪಾವತಿ ಜನರನ್ನು ಎಣಿಸಲು ಹೋಗಿ ಮೂರು ಸಲ ತಪ್ಪಿದಳು. ಓಣಿಯ ಮೂವತ್ತೊಂದು ಮನೆಯವರೂ ಇದ್ದಾರೆಂದು ಖಾತ್ರಿಯಾದ ಮೇಲೆ ಅಲ್ಲೇ ರಸ್ತೆಯ ಮೇಲೆ ಕೂತು ಅತ್ತಳು.

ಅಳುವುದಕ್ಕೂ ಹೊತ್ತಿರಲಿಲ್ಲ. ಇಂಥ ಅನಾಹುತವಾದರೆ ಎಲ್ಲರೂ ಶಾಲೆಯ ಬಯಲಿಗೆ ಹೋಗಿ ಸೇರಬೇಕೆಂದು ಅವಳೇ ತಿಂಗಳಿಗೊಮ್ಮೆ ಜನರಿಂದ ತಾಲೀಮು ಮಾಡಿಸಿದ್ದಳು. ದಸರಾ ರಜೆಯಾದ್ದರಿಂದ ಶಾಲೆಯೂ ಖಾಲಿಯಿತ್ತು. ಕಲಿಸಿದ ಪಾಠ ಮರೆಯದ ಜನ ಆಗಲೇ ಆ ಕಡೆ ತಿರುಗಿದ್ದರು. ನಕಾಶೆಯಲ್ಲಿ ಊರಿಗೆಲ್ಲ ಕಡುಹಸಿರು ಇದ್ದದ್ದು ಆ ಬಯಲಿನ ಸುತ್ತಲೇ. ಆ ಹಸಿರು ಯಾರ ಅಡುಗೆಮನೆಯದು? ಶಾಲೆಯ ಗೋಡೆಗೆ ಬಿಗಿದ ಒಂದೇ ಒಂದು ಡಬ್ಬಿ ಇಷ್ಟು ದಿನ ಬೇರೆಯೇ ಹೇಳುತ್ತಿತ್ತು. ಚಂಪಾವತಿ ಓಡಿಹೋಗಿ ಜನರಿಗೆ ಅಡ್ಡ ನಿಂತಳು. ಅಲ್ಲಿ ಬೇಡ ಎಂದಳು. ಹಾಗಾದರೆ ಎಲ್ಲಿ ಎಂದು ಶಿವಶರಣಪ್ಪ ಕೇಳಿದ.

ಊರಿನಲ್ಲಿ ಗಟ್ಟಿಯೆಂದು ಖಾತ್ರಿಯಿಂದ ಹೇಳಬಹುದಾದ ನೆಲ ಎಲ್ಲಿದೆ? ಅವಳು ಮೊಯಿನ್ ಸರ್‌ಗೆ ಫೋನ್ ಮಾಡಿ ಕೇಳಿದಳು. ಒಂದೇ ಒಂದು ಜಾಗ ಇದೆ ಎಂದರು. ಮೂವತ್ತೊಂದು ಡಬ್ಬಿ ಏಳು ತಿಂಗಳು ಹಗಲೆಲ್ಲ ಕಿವಿಗೊಟ್ಟು ಕೇಳಿದ ನೆಲ, ಅದರಷ್ಟು ಚೆನ್ನಾಗಿ ಅಳೆದ ನೆಲ ಇನ್ನೆಲ್ಲೂ ಇಲ್ಲ ಎಂದರು.

ಹೀಗೆ ಕಲ್ಲಪ್ಪ ಮುತ್ಯಾರ ವಿಮಾನ ಸ್ಮಶಾನದ ದಾರಿ ಬಿಟ್ಟು ರೊಟ್ಟಿ ಕೇಂದ್ರದ ದಾರಿ ಹಿಡಿಯಿತು. ಹಲಗೆ ಇಲ್ಲ, ಭಜನೆ ಇಲ್ಲ, ನಾನೂರು ಜನ ಕಾಲಿಟ್ಟಲ್ಲೆಲ್ಲ ನೆಲ ನೋಡುತ್ತ ಸ್ಟೇಷನ್ ರಸ್ತೆಯಲ್ಲಿ ನಡೆದರು. ಸೊಲ್ಲಾಪುರದ ರೈಲು ಇಳಿದು ಬರುವವರು ಇದೇ ದಾರಿಯಲ್ಲಿ ಬರಬೇಕು ಎಂದು ಶಿವಶರಣಪ್ಪ ಒಮ್ಮೆ ಅಂದ.

ಕೇಂದ್ರದಲ್ಲಿ ಹದಿನಾಲ್ಕು ಹೆಂಗಸರು ಎರಡು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಬೀದಿಯ ತುದಿಗೇ ಆ ಸಪ್ಪಳ ಕೇಳುತ್ತಿತ್ತು. ಅಂಬೂಬಾಯಿ ಬಾಗಿಲಿಗೆ ಬಂದು, ಕೂರಿಸಿದ ಹೆಣ ತನ್ನ ಅಂಗಳಕ್ಕೇ ಬರುತ್ತಿರುವುದನ್ನು ಕಂಡು ಗಾಬರಿಯಾದಳು. ಚಂಪಾವತಿ ಎರಡೇ ಮಾತಿನಲ್ಲಿ ವಿಷಯ ತಿಳಿಸಿದಳು. ಅಂಬೂಬಾಯಿ ಒಳಗೆ ತಿರುಗಿ ಕೈಯೆತ್ತಿದಳು. ಹೆಣ ಎದುರಿಗಿರುವಾಗ ಒಲೆ ಉರಿಸುವುದುಂಟೇ? ಹದಿನಾಲ್ಕು ಒಲೆಗಳಿಗೂ ನೀರು ಬಿತ್ತು. ಇಪ್ಪತ್ತೆಂಟು ಕೈಗಳು ಒಟ್ಟಿಗೇ ನಿಂತವು. ಸಪ್ಪಳ ನಿಂತ ಕೂಡಲೇ ಬೀದಿಯೇ ಕಿವುಡಾದಂತೆ ಅನಿಸಿತು.

ಅಷ್ಟರಲ್ಲಿ ಫೋನ್ ರಿಂಗಾಯಿತು. ಮೊಯಿನ್ ಸರ್ ಮಾಡಿದ್ದರು.

"ಚಂಪಕ್ಕಾ, ಈಗ ಅಲ್ಲಿ ಏನಾಯ್ತು? ಆರುನೂರ ನಲವತ್ತು ಮನಿ ಒಮ್ಮಿಗೇ ಸುಮ್ಮಗಾದವು."

ಚಂಪಾವತಿ ಫೋನನ್ನು ಕಿವಿಯಿಂದ ಇಳಿಸಿದಳು. ಅಂಬೂಬಾಯಿಯನ್ನು ದಾಟಿಕೊಂಡು, ಜೋಳದ ಚೀಲ ಇಡುವ ಹಿಂದಿನ ಕೋಣೆಯ ಬಾಗಿಲು ತೆರೆದಳು. ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಪರ್ಸಿಯ ಹಲಗೆ ಕೂರಿಸಿ, ಅವುಗಳ ಮೇಲೆ ಡಬ್ಬಿಗಳನ್ನು ಒತ್ತೊತ್ತಾಗಿ ಜೋಡಿಸಿದ್ದರು. ಒಂದೊಂದರ ಮೇಲೂ ಮನೆಯ ಹೆಸರಿನ ಚೀಟಿ. ಕೆಲವಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು. ಒಂದರ ಮೇಲೂ ಧೂಳಿರಲಿಲ್ಲ.

"ಒಬ್ಬರನ್ನ ನೋಡಿ ಒಬ್ಬರು ತಂದಿಟ್ರು, ಅಕ್ಕೋರೆ," ಎಂದಳು ಅಂಬೂಬಾಯಿ ಬೆನ್ನ ಹಿಂದೆ. "ನೀವೇ ಹೇಳೀರಂತ ತಿಳಿದು ನಾ ಜಾಗಾ ಮಾಡಿಕೊಟ್ಟೆ. ದಿನಾ ಒರಸ್ತೀನಿ."

ಚಂಪಾವತಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತಳು. ಆರುನೂರ ನಲವತ್ತು ಮನೆಗಳಲ್ಲಿ ಈ ಹೊತ್ತಿಗೆ ಜನ ಉಣ್ಣುತ್ತಿದ್ದಾರೆ, ಮಲಗಿದ್ದಾರೆ, ಮಕ್ಕಳು ಆಡುತ್ತಿದ್ದಾರೆ, ಎಲ್ಲರೂ ತಮ್ಮದು ಹಸಿರು ಎಂದು ನಂಬಿಕೊಂಡು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಕೈಗೆ ಸಿಕ್ಕ ಮೊದಲ ಡಬ್ಬಿಯನ್ನೇ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಚೀಟಿಯ ಮೇಲಿನ ಅಕ್ಷರ ಅವಳ ಗಂಡ ಗುರುನಾಥನದು. ಅವಳು ಬೆಳಗಿನ ಪಾಳಿಗೆ ಬರತೊಡಗಿದಂದಿನಿಂದ ಮನೆಯಲ್ಲಿ ರೊಟ್ಟಿ ತಾನೇ ಬಡಿಯುತ್ತೇನೆಂದು ಅವನು ಹೇಳಿದ್ದ, ಅವಳು ಹೆಮ್ಮೆಯಿಂದ ನಂಬಿದ್ದಳು. ಡಬ್ಬಿಯ ಮೇಲೆ ಅವಳದೇ ಹೆಸರಿತ್ತು.

ಮನೆಯಲ್ಲಿ ಎದ್ದು ಓಡಾಡಲಾರದ ಅತ್ತೆ ಇದ್ದರು. ಚಂಪಾವತಿ ಗಂಡನಿಗೆ ಫೋನ್ ಹಚ್ಚಿ, ಅತ್ತೆಯನ್ನು ಎತ್ತಿಕೊಂಡು ಈಗಿಂದೀಗಲೇ ಮನೆಯಿಂದ ಹೊರಗೆ ಬಾ ಎಂದಳು. ಯಾಕೆಂದು ಅವನು ಕೇಳಲಿಲ್ಲ. ಡಬ್ಬಿ ಸಿಕ್ಕಿತೇನು ಎಂದಷ್ಟೇ ಕೇಳಿದ.

ಅವಳು ಹೂಂ ಎಂದಳು. ಆಮೇಲೆ ಅಂಗಳಕ್ಕೆ ಬಂದು, ಹೆಣದ ಸುತ್ತ ನಿಂತಿದ್ದ ನಾನೂರು ಜನರಿಗೂ ಕೇಳುವಂತೆ ಡಬ್ಬಿಯ ಮೇಲಿನ ತನ್ನ ಹೆಸರನ್ನು ಓದಿದಳು. ಒಂದೊಂದು ಓಣಿಗೆ ಒಬ್ಬೊಬ್ಬರಂತೆ ಬಂದು ಹೆಸರು ಬರೆದುಕೊಳ್ಳಿರಿ, ಆ ಮನೆಗಳಿಗೆ ಹೋಗಿ ಜನರನ್ನು ಹೊರಗೆ ಕರೆತನ್ನಿರಿ ಎಂದಳು. ನಂತರ ಒಳಗೆ ಹೋಗಿ ಎರಡನೆಯ ಡಬ್ಬಿ ಎತ್ತಿಕೊಂಡಳು.